ಅಟ್ಟದ ಮೇಲೆ ಭಾರದ ಮೆಷಿನ್ ಇಡುವ ಮೊದಲು: ಕೊಡಗಿನ ಗೋದಾಮುಗಳಿಗೆ ಒಂದು ಮಾರ್ಗದರ್ಶಿ

ಕಾಫಿ ಮಾರಾಟವಾಗಿ ಗೋದಾಮು ಖಾಲಿಯಾದ ಮೇಲೆ, ಏಪ್ರಿಲ್–ಮೇ ತಿಂಗಳಲ್ಲಿ, ಕೊಡಗಿನ ತೋಟದ ಮನೆಗಳಲ್ಲಿ ಸಾಮಾನು ಎತ್ತಿಡುವ ಕೆಲಸ ಶುರುವಾಗುತ್ತದೆ. 2018 ಮತ್ತು 2019ರ ಆಗಸ್ಟ್ ಮಳೆ ಕಂಡವರಿಗಂತೂ ಬೆಲೆಬಾಳುವ ಯಾವುದನ್ನೂ ಕೆಳಗೆ ಬಿಡಲು ಮನಸ್ಸಾಗುವುದಿಲ್ಲ. ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಬಡಾವಣೆಗಳಲ್ಲಿ ಕಾವೇರಿ ನೀರು ಮನೆಯೊಳಗೆ ನುಗ್ಗಿದ್ದು ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಹಲ್ಲರ್ (ಒಣ ಕಾಫಿಯ ಸಿಪ್ಪೆ ತೆಗೆಯುವ ಮೆಷಿನ್), ಮೆಣಸು ಬಿಡಿಸುವ ಮೆಷಿನ್, ಇನ್ವರ್ಟರ್ ಬ್ಯಾಟರಿ, ಹಳೆಯ ಕಬ್ಬಿಣದ ಪೆಟ್ಟಿಗೆ ಎಲ್ಲವೂ ಅಟ್ಟಕ್ಕೆ ಹೋಗುತ್ತವೆ.

ಆಸೆ ಸರಿಯಾದದ್ದೇ. ಆದರೆ ನಮ್ಮ ಹೆಚ್ಚಿನ ಅಟ್ಟಗಳನ್ನು ಕಟ್ಟಿದ್ದು ಭತ್ತ, ಬುಟ್ಟಿ, ಸೌದೆ, ಖಾಲಿ ಗೋಣಿ ಇಡಲು. ಅವು ಒಂದೇ ಜಾಗದಲ್ಲಿ ನಾನೂರು ಕೆ.ಜಿ. ಹೊರಲು ಕಟ್ಟಿದವಲ್ಲ. ಕೆಳಗೆ ಜನ ಓಡಾಡುತ್ತಾರೆ, ಮಕ್ಕಳು ಆಡುತ್ತಾರೆ, ಕೆಲಸದವರು ಕೂತು ಊಟ ಮಾಡುತ್ತಾರೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

"ನಮ್ಮ ಅಟ್ಟ ಎಷ್ಟು ಕೆ.ಜಿ. ತಡೆಯುತ್ತದೆ?" ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಈ ಮೆಷಿನ್ನಿನ ಭಾರ ಯಾವ ದಾರಿಯಲ್ಲಿ ನೆಲ ಮುಟ್ಟುತ್ತದೆ? ಮೆಷಿನ್ನಿನ ಕಾಲಿನಿಂದ ಹಲಗೆಗೆ, ಹಲಗೆಯಿಂದ ಜಂತೆಗೆ (ಹಲಗೆ ಹೊರುವ ಅಡ್ಡಮರ), ಜಂತೆಯಿಂದ ತೊಲೆಗೆ (ಜಂತೆಗಳನ್ನು ಹೊರುವ ದೊಡ್ಡ ಮರ) ಅಥವಾ ಗೋಡೆಗೆ, ಗೋಡೆಯಿಂದ ಪಾಯಕ್ಕೆ. ಈ ದಾರಿಯಲ್ಲಿ ಒಂದು ಕಡೆ ದುರ್ಬಲವಾಗಿದ್ದರೂ ಉಳಿದದ್ದು ಎಷ್ಟು ಗಟ್ಟಿ ಇದ್ದರೂ ಪ್ರಯೋಜನವಿಲ್ಲ. ಮುಂದಿನ ಎಲ್ಲ ಹೆಜ್ಜೆಗಳೂ ಈ ದಾರಿಯನ್ನು ಹಿಡಿದು ಹೋಗುವ ಕೆಲಸವೇ.

ಹೆಜ್ಜೆ 1: ಮೇಲೇ ಇಡಬೇಕಾ?

ನೀರಿನ ಭಯಕ್ಕೆ ಮೇಲಿಡುವುದಾದರೆ ಇನ್ನೊಂದು ದಾರಿಯೂ ಇದೆ. ಕೆಳಗಿನ ಗೋದಾಮಿನಲ್ಲೇ ಎರಡು ಮೂರು ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಿ, ಅದರ ಮೇಲೆ ಮೆಷಿನ್ ಕೂರಿಸುವುದು. ಹಿಂದಿನ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂಬ ಗುರುತು ಗೋಡೆಯ ಮೇಲಿದ್ದರೆ ಕಟ್ಟೆಯನ್ನು ಅದಕ್ಕಿಂತ ಎತ್ತರ ಮಾಡಿ. ಮೋಟಾರನ್ನು ಮಾತ್ರ ಬಿಚ್ಚಿ ಮೇಲಿಟ್ಟರೂ ಎಷ್ಟೋ ಸಲ ಸಾಕಾಗುತ್ತದೆ. ನೀರು ಹೊಕ್ಕರೆ ಮೊದಲು ಹಾಳಾಗುವುದು ಅದೇ ಅಲ್ವಾ? ಕಬ್ಬಿಣದ ಚೌಕಟ್ಟನ್ನು ತೊಳೆದು ಗ್ರೀಸ್ ಹಚ್ಚಬಹುದು.

ಕೆಲವನ್ನು ಅಟ್ಟಕ್ಕೆ ಒಯ್ಯಲೇಬಾರದು. ಜನರೇಟರ್ ಅದರಲ್ಲಿ ಮೊದಲನೆಯದು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಜಾಗದಲ್ಲಿ ಗೊತ್ತೇ ಆಗದೆ ಜೀವ ತೆಗೆಯುತ್ತದೆ. ಜನರೇಟರ್ ಯಾವತ್ತೂ ಹೊರಗೆ, ಕಿಟಕಿ ಬಾಗಿಲಿನಿಂದ ದೂರ ಇರಬೇಕು. ಡೀಸೆಲ್ ಕ್ಯಾನೂ ಅಷ್ಟೆ. ಬೆಂಕಿಯ ಮಾತು ಹಾಗಿರಲಿ, ಕಾಫಿ ಬೇಗ ವಾಸನೆ ಹಿಡಿಯುತ್ತದೆ. ಡೀಸೆಲ್ ಪಕ್ಕದಲ್ಲಿಟ್ಟ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ಒಳಪೊರೆ ಸಮೇತ ಒಣಗಿಸಿದ ಕಾಫಿ ಬೀಜ) ಕುಡಿಯುವ ಕಪ್ಪಿನಲ್ಲೂ ಆ ವಾಸನೆಯನ್ನೇ ಕೊಡುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ನೀರು ಬೇಕು, ಅದೂ ಕೆಳಗೇ ಇರಲಿ.

ನೀರಿನ ಟ್ಯಾಂಕ್ ಬಗ್ಗೆ ನನ್ನ ಮಾತು ಖಡಾಖಂಡಿತ. ಸಾವಿರ ಲೀಟರ್ ನೀರು ಅಂದರೆ ಸಾವಿರ ಕೆ.ಜಿ. ಅದು ಕೂರುವ ಜಾಗ ಹತ್ತು ಚದರ ಅಡಿಯ ಆಸುಪಾಸು. ಹಳೆಯ ಮರದ ಅಟ್ಟದ ಮೇಲೆ ಅದನ್ನು ಇಡಬೇಡಿ.

ಹೆಜ್ಜೆ 2: ತೂಕ ಕೂಡಿಸಿ, ಬರೆದಿಡಿ

ಮೆಷಿನ್ನಿನ ಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ, ಅದರಲ್ಲಿ ತೂಕ ಇರಬಹುದು. ಇಲ್ಲದಿದ್ದರೆ ಕಾಫಿ ಕೊಳ್ಳುವವರ ವೇ ಬ್ರಿಡ್ಜ್‌ನಲ್ಲಿ ಪಿಕಪ್ ಸಮೇತ ತೂಗಿಸಿ. ಸುಮ್ನೆ ಕೈಯಲ್ಲಿ ಅಲ್ಲಾಡಿಸಿ "ಒಂದು ಇನ್ನೂರು ಇರಬಹುದು" ಅನ್ನಬೇಡಿ. ಎರಕದ ಕಬ್ಬಿಣ ಯಾವಾಗಲೂ ಅಂದಾಜಿಗಿಂತ ಜಾಸ್ತಿ ತೂಗುತ್ತದೆ.

ಖಾಲಿ ತೂಕ ಸಾಲದು. ಹಾಪರ್ (ಕಾಳು ಸುರಿಯುವ ಬಾಯಿ) ತುಂಬಿದಾಗಿನ ತೂಕ ಸೇರಿಸಿ. ಓಡುವ ಮೆಷಿನ್ ಆದರೆ ಅಲುಗಾಟದ ಭಾರವನ್ನೂ ಸೇರಿಸಬೇಕು. ಕಟ್ಟಡಗಳು ಹೊರಬೇಕಾದ ಭಾರದ ಬಗೆಗಿನ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುವಂತೆ, ಮೋಟಾರಿನಿಂದ ತಿರುಗುವ ಹಗುರ ಮೆಷಿನ್ನಿಗೆ ತೂಕದ ಮೇಲೆ ಕನಿಷ್ಠ ಶೇ. 20, ಪಿಸ್ಟನ್ ಹಾಗೆ ಹಿಂದೆ ಮುಂದೆ ಆಡುವ ಮೆಷಿನ್ನಿಗೆ ಕನಿಷ್ಠ ಶೇ. 50 ಹೆಚ್ಚಿಗೆ ಹಿಡಿಯಬೇಕು. ನಂತರ ಜನ. ಮೆಷಿನ್ ಎತ್ತಿಡುವ ದಿನ ನಾಲ್ಕೈದು ಜನ ಅದರ ಸುತ್ತಲೇ ನಿಂತಿರುತ್ತಾರೆ. ಕೊನೆಗೆ, ಈಗಾಗಲೇ ಅಲ್ಲಿರುವ ಸಾಮಾನು.

ಒಂದು ಲೆಕ್ಕ ಮಾಡಿ ನೋಡೋಣ. 10 ಅಡಿಗೆ 12 ಅಡಿಯ ಅಟ್ಟ ಎಂದುಕೊಳ್ಳಿ. ಒಟ್ಟು 120 ಚದರ ಅಡಿ, ಅಂದರೆ ಸುಮಾರು 11 ಚದರ ಮೀಟರ್. ಅದೇ ಮಾನಕದ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ.ಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ಚದರ ಅಡಿಗೆ ಹದಿನೆಂಟೂವರೆ ಕೆ.ಜಿ. ಬಂತು. ಅಂದರೆ ಇಡೀ ಅಟ್ಟಕ್ಕೆ ಸುಮಾರು 2,200 ಕೆ.ಜಿ.

ಈಗ ಅಲ್ಲಿ 50 ಕೆ.ಜಿ.ಯ 30 ಚೀಲ ಕಾಫಿ ಇದೆ: 1,500 ಕೆ.ಜಿ. 350 ಕೆ.ಜಿ.ಯ ಮೆಷಿನ್ ತರುತ್ತೀರಿ, ಅಲುಗಾಟ ಸೇರಿ 420. ನಾಲ್ಕು ಜನಕ್ಕೆ 280. ಕೂಡಿದರೆ 2,200. ಮಿತಿ ಮುಟ್ಟಿಯೇ ಬಿಟ್ಟಿತು. ಇನ್ನೊಂದು ಚೀಲಕ್ಕೂ ಜಾಗವಿಲ್ಲ.

ಇಷ್ಟಕ್ಕೇ ಸಮಾಧಾನ ಪಡುವಂತಿಲ್ಲ. ಆ ಮೆಷಿನ್ ಕೂರುವ ಜಾಗ 3 ಅಡಿಗೆ 4 ಅಡಿ, ಅಂದರೆ 12 ಚದರ ಅಡಿ. 420 ಕೆ.ಜಿ.ಯನ್ನು 12ರಿಂದ ಭಾಗಿಸಿದರೆ ಚದರ ಅಡಿಗೆ 35 ಕೆ.ಜಿ. ಆ ತುಂಡು ಜಾಗದಲ್ಲಿ ಮಿತಿಯ ಹತ್ತಿರ ಹತ್ತಿರ ಎರಡರಷ್ಟು. ಒಟ್ಟು ಲೆಕ್ಕ ಸರಿ ಇದ್ದರೂ ಒಂದು ಜಾಗ ಸೋಲಬಹುದು ಅನ್ನುವುದು ಇದಕ್ಕೇ.

ಉಗ್ರಾಣವೆಂದೇ ಲೆಕ್ಕ ಹಾಕಿ ಕಟ್ಟಿದ ನೆಲದ ಕಥೆ ಬೇರೆ. ಸಾಮಾನು ಪೇರಿಸುವ ಎತ್ತರದ ಪ್ರತಿ ಮೀಟರಿಗೆ, ಚದರ ಮೀಟರೊಂದಕ್ಕೆ ಸುಮಾರು 240 ಕೆ.ಜಿ., ಕನಿಷ್ಠವೆಂದರೂ 750 ಕೆ.ಜಿ. ಎಂದು ಮಾನಕ ಹೇಳುತ್ತದೆ. ವಾಸದ ಕೋಣೆಯ ಮೂರೂವರೆ ಪಟ್ಟಿಗೂ ಹೆಚ್ಚು. "ಮೇಲಿನ ರೂಮನ್ನು ಗೋಡೌನ್ ಮಾಡಿಕೊಂಡಿದ್ದೇವೆ" ಅನ್ನುವವರು ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಬೇಕು. ಹಳೆಯ ಮರದ ಅಟ್ಟಕ್ಕೆ ಇವೆರಡೂ ಅನ್ವಯಿಸುವುದಿಲ್ಲ. ಅದನ್ನು ಯಾರೂ ಲೆಕ್ಕ ಹಾಕಿ ಕಟ್ಟಿರುವುದಿಲ್ಲ, ಕಣ್ಣಳತೆಯಲ್ಲಿ ಕಟ್ಟಿರುತ್ತಾರೆ.

ಕಾಳುಮೆಣಸಿನ ಬಗ್ಗೆ ಒಂದು ಮಾತು. ಒಂದು ಲೀಟರ್ ಒಳ್ಳೆಯ ಮೆಣಸು 500–550 ಗ್ರಾಂ ತೂಗುತ್ತದೆ, ಪಾರ್ಚ್‌ಮೆಂಟ್ ಕಾಫಿ ಅಷ್ಟು ತೂಗುವುದಿಲ್ಲ. ಬೆಲೆ ಏರಲಿ ಎಂದು ಮೆಣಸನ್ನು ವರ್ಷಗಟ್ಟಲೆ ಅಟ್ಟದಲ್ಲಿ ಇಡುವವರು ಇದ್ದಾರೆ. ಅಷ್ಟೇ ಎತ್ತರಕ್ಕೆ ಪೇರಿಸಿದರೂ ಕಾಫಿಗಿಂತ ಅದರ ಭಾರ ಜಾಸ್ತಿ.

ಹೆಜ್ಜೆ 3: ಅಟ್ಟವನ್ನು ಕೆಳಗಿನಿಂದ ನೋಡಿ

ಹಗಲು ಹೊತ್ತು, ಒಳ್ಳೆಯ ಟಾರ್ಚ್, ಒಂದು ಸ್ಕ್ರೂ ಡ್ರೈವರ್, ಒಂದು ಸುತ್ತಿಗೆ, ಒಂದು ಉದ್ದ ನೂಲು ಹಿಡಿದು ಅಟ್ಟದ ಕೆಳಗೆ ನಿಲ್ಲಿ. ಮರದ ಅಟ್ಟವಾದರೆ ಇಲ್ಲಿ ಜಾಸ್ತಿ ಹೊತ್ತು ಕೊಡಿ.

ಮೊದಲು ಜಂತೆಗಳು ಯಾವ ದಿಕ್ಕಿಗೆ ಹೋಗಿವೆ ನೋಡಿ. ಕೆಳಗೆ ಸೀಲಿಂಗ್ ಹೊಡೆದಿದ್ದರೆ ಮೇಲೆ ಹೋಗಿ ಹಲಗೆಯ ಮೊಳೆಗಳ ಸಾಲು ನೋಡಿ, ಮೊಳೆ ಇರುವ ಕಡೆ ಜಂತೆ ಇರುತ್ತದೆ. ಜಂತೆಯ ತುದಿ ಯಾವ ಗೋಡೆಯ ಮೇಲೆ ಕೂತಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇದು ಮುಂದೆ ಬೇಕೇ ಬೇಕು.

ಆಮೇಲೆ ಜಂತೆಯ ತುದಿಗಳು. ಕೊಡಗಿನಲ್ಲಿ ಮರ ಹಾಳಾಗುವುದು ನಡುವಿನಿಂದಲ್ಲ, ಗೋಡೆಯೊಳಗೆ ಹುದುಗಿದ ತುದಿಯಿಂದ. ಮುಂಗಾರಿನ ಗಾಳಿ ಮಳೆ ನೈಋತ್ಯದಿಂದ ಹೊಡೆಯುತ್ತದೆ. ಆ ಕಡೆಯ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಮಣ್ಣಿನ ಗೋಡೆ, ಸಿಮೆಂಟ್ ಬಳಿಯದ ಕಲ್ಲಿನ ಗೋಡೆ ನೀರು ಹೀರಿಕೊಂಡು ಮರದ ತುದಿಗೆ ದಾಟಿಸುತ್ತವೆ. ಹೊರಗಿನಿಂದ ಬಣ್ಣ ಹೊಡೆದು ಚೆನ್ನಾಗಿ ಕಂಡರೂ ಒಳಗೆ ಮರ ಬೆಂಡಾಗಿರಬಹುದು. ಸ್ಕ್ರೂ ಡ್ರೈವರ್‌ನಿಂದ ಗೋಡೆಗೆ ತಾಗಿದ ಜಾಗದಲ್ಲೇ ಚುಚ್ಚಿ. ಗಟ್ಟಿ ಮರ ಒಳಗೆ ಬಿಡುವುದಿಲ್ಲ, ಎಬ್ಬಿದರೆ ಉದ್ದ ಸಿಗುರು ಏಳುತ್ತದೆ. ಕೊಳೆತ ಮರದಲ್ಲಿ ಸಲೀಸಾಗಿ ಇಳಿಯುತ್ತದೆ, ತುಂಡು ತುಂಡಾಗಿ ಉದುರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಬರುತ್ತಿದ್ದದ್ದು ಒಂದು ಕಡೆ ಪೊಳ್ಳು ಶಬ್ದವಾದರೆ ಅಲ್ಲಿ ಒಳಗೆ ಏನೋ ಆಗಿದೆ.

ಗೆದ್ದಲಿನ ಮಣ್ಣಿನ ಗೆರೆ ಗೋಡೆಯ ಮೂಲೆಯಲ್ಲಿ ಮೇಲಕ್ಕೆ ಹತ್ತಿದೆಯಾ ನೋಡಿ. ಜಂತೆಯ ಕೆಳಗೆ ನೆಲದ ಮೇಲೆ ಹಿಟ್ಟಿನಂತಹ ಪುಡಿ ಬಿದ್ದಿದ್ದರೆ ಗುಡಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಒಳಗೆ ಕೆಲಸ ಮಾಡುತ್ತಿದೆ.

ಬಿರುಕು ಕಂಡರೆ ಗಾಬರಿ ಬೇಡ, ಆದರೆ ಅದು ಎಂತಹ ಬಿರುಕು ಎಂದು ತಿಳಿಯಬೇಕು. ಮರ ಒಣಗುವಾಗ ನಾರಿನ ಉದ್ದಕ್ಕೆ ಬರುವ ಸಣ್ಣ ಸೀಳು ಹೆಚ್ಚಾಗಿ ತೊಂದರೆ ಮಾಡುವುದಿಲ್ಲ. ಓರೆಯಾಗಿ ಸಾಗಿ ಅಂಚಿಗೆ ಬಂದು ಬಿಟ್ಟುಕೊಂಡ ಸೀಳು ಅಪಾಯ. ನಡುವಿನಲ್ಲಿ, ಕೆಳ ಅಂಚಿನಲ್ಲಿ, ಅಡ್ಡಕ್ಕೆ ಬಂದ ಬಿರುಕು ತುಂಬಾ ಅಪಾಯ. ಅಟ್ಟದ ಮೇಲೆ ಭಾರ ಬಿದ್ದಾಗ ಜಂತೆಯ ಕೆಳ ಅಂಚು ಎಳೆತಕ್ಕೆ ಸಿಗುತ್ತದೆ. ಅಲ್ಲಿ ದೊಡ್ಡ ಗಂಟು ಇದ್ದರೂ, ವೈರಿಂಗ್‌ನವರು ಕಚ್ಚು ಕೊರೆದಿದ್ದರೂ ಅದು ಬಲ ಕಳೆದುಕೊಂಡಿದೆ ಎಂದೇ ತಿಳಿಯಿರಿ.

ನೂಲಿನ ಕೆಲಸ ಈಗ. ಜಂತೆಯ ಎರಡು ತುದಿಯ ಕೆಳ ಅಂಚಿಗೆ ನೂಲು ಬಿಗಿದು ಕಟ್ಟಿ. ನಡುವಿನಲ್ಲಿ ಜಂತೆ ನೂಲಿಗಿಂತ ಎಷ್ಟು ಕೆಳಗೆ ಇಳಿದಿದೆ ಅಳೆಯಿರಿ. ಭಾರದಿಂದ ಬಾಗುವುದು ಉದ್ದದ ಮುನ್ನೂರ ಅರವತ್ತರಲ್ಲಿ ಒಂದು ಪಾಲನ್ನು ಮೀರದಿದ್ದರೆ ಒಳ್ಳೆಯದು. 10 ಅಡಿಯ ಜಂತೆಗೆ ಅದು ಸುಮಾರು 8 ಮಿ.ಮೀ. ಏನೂ ಇಡದೆಯೇ ಅದಕ್ಕಿಂತ ಜಾಸ್ತಿ ಬಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಮರ ವರ್ಷಗಟ್ಟಲೆ ಭಾರ ಹೊತ್ತರೆ ಮೆಲ್ಲಗೆ ಬಾಗುತ್ತಾ ಹೋಗುತ್ತದೆ, ತೇವದಲ್ಲಿ ಇನ್ನೂ ಬೇಗ. ಅದು ಮತ್ತೆ ನೆಟ್ಟಗಾಗುವುದಿಲ್ಲ.

ಮರದ ಜಾತಿಯೂ ಮುಖ್ಯ. ಹೊನ್ನೆ, ಮತ್ತಿ, ನಂದಿ, ತೇಗದ ಹಳೆಯ ತೊಲೆಗಳು ಒಣಗಿದ್ದಲ್ಲಿ ತಲೆಮಾರುಗಳೇ ಬಾಳುತ್ತವೆ. ಸಿಲ್ವರ್ ಓಕ್ ಹಲಗೆ ತೋಟದಲ್ಲೇ ಸಿಗುತ್ತದೆ ಎಂದು ಈಚೆಗೆ ಅಟ್ಟಕ್ಕೂ ಹಾಕುತ್ತಾರೆ. ಔಷಧಿ ಹಚ್ಚದ ಸಿಲ್ವರ್ ಓಕ್ ಗೆದ್ದಲಿಗೆ, ಹುಳುವಿಗೆ ಬೇಗ ಸಿಗುತ್ತದೆ. ಅದರ ಮೇಲೆ ಭಾರದ ಮೆಷಿನ್ ಇಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕಾಂಕ್ರೀಟ್ ಸ್ಲ್ಯಾಬ್ ಆದರೆ ನೋಡಬೇಕಾದದ್ದು ಕಡಿಮೆ: ಕೆಳಗೆ ತುಕ್ಕಿನ ಕಲೆ, ಗಾರೆ ಉದುರಿ ಕಂಬಿ ಕಾಣುವುದು, ಸೋರಿದ ಗುರುತು, ತಟ್ಟಿದರೆ ಪೊಳ್ಳು ಶಬ್ದ. ಇವುಗಳಲ್ಲಿ ಒಂದಿದ್ದರೂ ಮೊದಲು ದುರಸ್ತಿ. ಕಬ್ಬಿಣದ ಆಂಗಲ್ ಅಟ್ಟವಾದರೆ ಕಂಬದ ಬುಡದ ತುಕ್ಕು, ಸಡಿಲ ಬೋಲ್ಟ್, ಯಾರಾದರೂ ದಾರಿಗೆ ಅಡ್ಡವೆಂದು ಕತ್ತರಿಸಿದ ಓರೆ ಪಟ್ಟಿ ಇವನ್ನು ನೋಡಿ. ಮಣ್ಣಿನ ಅಥವಾ ಹಳೆಯ ಇಟ್ಟಿಗೆಯ ಗೋಡೆಗೆ ಬೋಲ್ಟ್ ಹೊಡೆದು ನೇತಾಡಿಸಿದ ಅಟ್ಟವನ್ನು ನಂಬಬೇಡಿ.

ಗುಡ್ಡದ ಇಳಿಜಾರಿನಲ್ಲಿರುವ ಕಟ್ಟಡಗಳಿಗೆ ಇನ್ನೊಂದು ಪರೀಕ್ಷೆ ಬೇಕು. 2018ರ ಭೂಕುಸಿತದ ನಂತರ ಮಡಿಕೇರಿ ಸುತ್ತಮುತ್ತ ಎಷ್ಟೋ ಗೋಡೆಗಳು ಬಿರುಕು ಬಿಟ್ಟವು. ಗೋಡೆಯ ಬಿರುಕಿನ ಮೇಲೆ ಒಂದು ಸಣ್ಣ ಗಾಜಿನ ಚೂರನ್ನು ಸಿಮೆಂಟಿನಲ್ಲಿ ಅಂಟಿಸಿ, ತಾರೀಕು ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಗಾಜು ಒಡೆದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ. ಅಂತಹ ಗೋಡೆಯ ಮೇಲೆ ಹೊಸ ಭಾರ ಹೊರಿಸಬಾರದು.

ಹೆಜ್ಜೆ 4: ಜಾಗ ಆರಿಸಿ

ಇದೇ ಇಡೀ ಕೆಲಸದ ತಿರುಳು. ಒಂದೇ ಮೆಷಿನ್, ಒಂದೇ ಅಟ್ಟ, ಇಡುವ ಜಾಗದ ಮೇಲೆ ಎಲ್ಲ ನಿಂತಿದೆ.

ಒಂದು ಜಂತೆಯ ನಟ್ಟ ನಡುವೆ ಭಾರವನ್ನು ಒಂದೇ ಬಿಂದುವಿನಲ್ಲಿ ಇಟ್ಟರೆ, ಅದೇ ಭಾರವನ್ನು ಉದ್ದಕ್ಕೂ ಹರಡಿ ಇಟ್ಟಾಗ ಆಗುವುದಕ್ಕಿಂತ ಸರಿಯಾಗಿ ಎರಡು ಪಟ್ಟು ಬಾಗಿಸುವ ಒತ್ತಡ ಬೀಳುತ್ತದೆ. ಕೋಣೆಯ ನಡುವೆ ಮೆಷಿನ್ ಇಟ್ಟು ಸುತ್ತ ಓಡಾಡಲು ಜಾಗ ಬಿಡುವುದು ಅನುಕೂಲ ನಿಜ. ಅಟ್ಟದ ಪಾಲಿಗೆ ಅದೇ ಅತಿ ಕೆಟ್ಟ ಜಾಗ.

10 ಅಡಿ ಉದ್ದದ ಜಂತೆಯಲ್ಲಿ ಮೆಷಿನ್ನಿನ ನಡುಭಾಗ ಗೋಡೆಯಿಂದ 5 ಅಡಿ ದೂರ ಇದ್ದಾಗ ಬೀಳುವ ಒತ್ತಡವನ್ನು 100 ಎನ್ನಿ. ಎರಡೂವರೆ ಅಡಿಗೆ ತಂದರೆ ಅದು 75 ಆಗುತ್ತದೆ. ಎರಡು ಅಡಿಗೆ ತಂದರೆ 64. ಖರ್ಚಿಲ್ಲದೆ ಮೂರರಲ್ಲಿ ಒಂದು ಪಾಲು ಉಳಿಯಿತು.

ಆದರೆ ಯಾವ ಗೋಡೆ? ಇಲ್ಲೇ ಹೆಚ್ಚಿನವರು ತಪ್ಪುವುದು. ಜಂತೆಯ ತುದಿ ಕೂತಿರುವ ಗೋಡೆಯ ಹತ್ತಿರ ಇಡಬೇಕು. ಜಂತೆಗೆ ಸಮಾನಾಂತರವಾಗಿ ಓಡುವ ಗೋಡೆಯ ಪಕ್ಕ ಇಟ್ಟರೆ ಏನೂ ಲಾಭವಿಲ್ಲ. ಅಲ್ಲಿ ಗೋಡೆ ಪಕ್ಕದಲ್ಲಿ ಇದ್ದರೂ ಭಾರ ಹೊರುವುದು ಗೋಡೆಯಲ್ಲ, ಪಕ್ಕದ ಒಂದೇ ಜಂತೆ, ಅದೂ ತನ್ನ ನಡುವಿನಲ್ಲಿ. ಸೀಮೆಸುಣ್ಣದ ಗುರುತು ಹಾಕಿಸಿದ್ದು ಇದಕ್ಕೇ.

ಇನ್ನೊಂದು ಬೆಲೆ ತೆರಬೇಕು. ಗೋಡೆಯಿಂದ ಎರಡು ಅಡಿಗೆ ತಂದಾಗ ಬಾಗುವ ಒತ್ತಡ ಇಳಿಯುತ್ತದೆ, ಆದರೆ ಮೆಷಿನ್ನಿನ ಭಾರದ ಶೇ. 80ರಷ್ಟು ಆ ಒಂದೇ ತುದಿಯ ಮೇಲೆ ಕೂರುತ್ತದೆ. ಆ ತುದಿ ಮಳೆಗೆ ಕೊಳೆತಿದ್ದರೆ? ಆದ್ದರಿಂದ ಸಾಧ್ಯವಾದಷ್ಟು ಮಳೆ ಹೊಡೆಯದ ಕಡೆಯ ಗೋಡೆ, ಅದರಲ್ಲೂ ಒಳಗೋಡೆ ಆರಿಸಿ. ಮೂರನೇ ಹೆಜ್ಜೆಯ ಸ್ಕ್ರೂ ಡ್ರೈವರ್ ಪರೀಕ್ಷೆಯನ್ನು ಆ ಜಾಗದ ಪ್ರತಿ ತುದಿಗೂ ಮತ್ತೊಮ್ಮೆ ಮಾಡಿ. ಕಿಟಕಿ ಬಾಗಿಲಿನ ಮೇಲೆ ಕೂತಿರುವ ಜಂತೆಗಳನ್ನು ಬಿಟ್ಟುಬಿಡಿ. ಅಲ್ಲಿ ಭಾರ ಗೋಡೆಗೆ ನೇರ ಇಳಿಯದೆ ಲಿಂಟಲ್ ಮೇಲೆ ಬೀಳುತ್ತದೆ. ನಡುವೆ ದೊಡ್ಡ ತೊಲೆ ಹಾದು ಅದರ ಮೇಲೆ ಜಂತೆ ಕೂತಿದ್ದರೆ, ತೊಲೆಯ ನಡುವಿನಲ್ಲಿ ಅಲ್ಲ, ಅದರ ಕೆಳಗೆ ಕಂಬ ಇರುವ ಕಡೆ ಇಡಿ.

ಕಾಂಕ್ರೀಟ್ ಸ್ಲ್ಯಾಬ್‌ನಲ್ಲೂ ಇದೇ: ಬೀಮ್ ಅಥವಾ ಗೋಡೆಯ ಹತ್ತಿರ, ಕಂಬದ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಹೊರಚಾಚಿದ ಸಜ್ಜೆ, ಬಾಲ್ಕನಿ ಮೇಲೆ ಯಾವ ಭಾರವೂ ಬೇಡ.

ಹೆಜ್ಜೆ 5: ಕಾಲುಗಳ ಕೆಳಗೆ

ಮೆಷಿನ್ನಿಗೆ ನಾಲ್ಕು ಕಾಲು, ಪ್ರತಿ ಕಾಲಿನ ಕೆಳಗೆ ಅಂಗೈ ಅಗಲದ ತಗಡು. ನೂರು ಕೆ.ಜಿ. ಅಷ್ಟು ಸಣ್ಣ ಜಾಗದಲ್ಲಿ, ಅದೂ ಎರಡು ಜಂತೆಗಳ ನಡುವಿನ ಒಂದು ಇಂಚಿನ ಹಲಗೆಯ ಮೇಲೆ ಬಿದ್ದರೆ ಹಲಗೆ ತೂತಾಗುತ್ತದೆ. ಜಂತೆ ಗಟ್ಟಿ ಇದ್ದರೂ ಅಷ್ಟೆ.

ಕಾಲುಗಳ ಕೆಳಗೆ ಜಂತೆಗಳಿಗೆ ಅಡ್ಡಲಾಗಿ ಎರಡು ದಪ್ಪ ಮರದ ತುಂಡು ಹಾಕಿ. ನಾಲ್ಕು ಇಂಚಿಗೆ ನಾಲ್ಕು ಇಂಚು ಇರಲಿ. ಉದ್ದ ಕನಿಷ್ಠ ನಾಲ್ಕು ಜಂತೆ ದಾಟಬೇಕು. ತೆಳು ಪಟ್ಟಿ ಹಾಕಿದರೆ ಅದೇ ಬಾಗಿ, ಭಾರ ಮತ್ತೆ ನಡುವಿನ ಜಂತೆಗೇ ಇಳಿಯುತ್ತದೆ. ಇಷ್ಟು ದಪ್ಪದ್ದು ಸಿಗದೆ ಮೂರಕ್ಕೆ ಆರು ಇಂಚಿನ ತೊಲೆ ಸಿಕ್ಕಿದರೆ ಅದನ್ನು ಅಗಲಕ್ಕೆ ಮಲಗಿಸಬೇಡಿ, ಎತ್ತರಕ್ಕೆ ನಿಲ್ಲಿಸಿ. ಪಕ್ಕಕ್ಕೆ ಉರುಳದಂತೆ ತುಂಡು ಹೊಡೆದು ಕಟ್ಟಿ. ನಿಲ್ಲಿಸಿದ ತೊಲೆಯ ಬಲ ಮಲಗಿಸಿದ್ದರ ಎರಡು ಪಟ್ಟು.

ಓಡುವ ಮೆಷಿನ್ ಆದರೆ ಕಾಲಿನ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿ. ಅಲುಗಾಟ ಮೊಳೆಗಳನ್ನು ಸಡಿಲ ಮಾಡುತ್ತದೆ, ಹಳೆಯ ಮಣ್ಣಿನ ಗೋಡೆಯ ಗಾರೆಯನ್ನು ಉದುರಿಸುತ್ತದೆ. ಬೆಲ್ಟ್ ಮೆಷಿನ್ ಸರಿಯಾಗಿ ಮಟ್ಟದಲ್ಲಿ ಕೂತಿರಬೇಕು, ಓರೆ ಇದ್ದರೆ ಅಲುಗಾಟ ಜಾಸ್ತಿ. ರಸಮಟ್ಟ ಇಟ್ಟು ನೋಡಿ. ಮೆಷಿನ್ನನ್ನು ಅಡ್ಡ ತುಂಡಿಗೆ ಬೋಲ್ಟ್ ಹಾಕಿ ಬಿಗಿಯಿರಿ, ತುಂಡನ್ನು ಜಂತೆಗೆ ಬಿಗಿಯಿರಿ. ಎತ್ತರವಾದ ಕಬ್ಬಿಣದ ಬೀರು, ರ‍್ಯಾಕ್ ಇದ್ದರೆ ತಲೆಯನ್ನು ಗೋಡೆಗೆ ಕಟ್ಟಿ. 2022ರ ಜೂನ್–ಜುಲೈನಲ್ಲಿ ಕರಿಕೆ, ಸಂಪಾಜೆ, ಚೆಂಬು ಕಡೆ ನೆಲ ಸಣ್ಣಗೆ ನಡುಗಿದ್ದು ನೆನಪಿದೆ ಅಲ್ವಾ? ಅಂತಹ ಸಣ್ಣ ನಡುಕಕ್ಕೆ ಕಟ್ಟಡ ಬೀಳುವುದಿಲ್ಲ, ಆದರೆ ಸಡಿಲ ನಿಂತ ಸಾಮಾನು ಜಾರಬಹುದು.

ಬ್ಯಾಟರಿಗಳನ್ನು ಒಂದರ ಪಕ್ಕ ಒಂದು ಒತ್ತೊತ್ತಾಗಿ ಇಡುವ ಬದಲು ಗೋಡೆಯುದ್ದಕ್ಕೆ ಸಾಲಾಗಿ ಇಡಿ. 150 ಆಂಪಿಯರ್ ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿ 50–60 ಕೆ.ಜಿ. ಇರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿ ಆಡಬೇಕು. ಆಸಿಡ್ ಮರವನ್ನೂ ಕಾಂಕ್ರೀಟನ್ನೂ ತಿನ್ನುತ್ತದೆ, ಕೆಳಗೆ ಪ್ಲಾಸ್ಟಿಕ್ ಟ್ರೇ ಇರಲಿ.

ಹೆಜ್ಜೆ 6: ಆಸರೆ ಕೊಡುವುದಾದರೆ

ಮರದ ಅಟ್ಟಕ್ಕೆ ಕೆಳಗಿನಿಂದ ಆಸರೆ ಕೊಡುವುದು ಒಳ್ಳೆಯ ಉಪಾಯ. ಜಂತೆಗಳಿಗೆ ಅಡ್ಡಲಾಗಿ ಕೆಳಗೆ ಒಂದು ತೊಲೆ ಹಾಕಿ, ಅದಕ್ಕೆ ಎರಡು ಮೂರು ಕಂಬ ಕೊಟ್ಟರೆ ಜಂತೆಯ ಉದ್ದ ಅರ್ಧವಾದಂತೆ. ಹರಡಿದ ಭಾರಕ್ಕೆ ಬಾಗಿಸುವ ಒತ್ತಡ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ.

ಕಂಬದ ಬುಡ ಮರೆಯಬೇಡಿ. ಹಳೆಯ ಗೋದಾಮಿನ ಕೆಂಪು ನೆಲದ ಕೆಳಗೆ ಬರೀ ತುಂಬಿದ ಮಣ್ಣು ಇರಬಹುದು. ಮಳೆಗಾಲದಲ್ಲಿ ಅದು ಮೆತ್ತಗಾಗಿ ಕಂಬ ಇಳಿಯುತ್ತದೆ, ಮೇಲೆ ಆಸರೆ ಇಲ್ಲದಂತೆ ಆಗುತ್ತದೆ. ನೆಲ ಅಗೆದು, ಗಟ್ಟಿ ಮಣ್ಣು ಸಿಗುವವರೆಗೆ ಹೋಗಿ, ಅಗಲವಾದ ಕಾಂಕ್ರೀಟ್ ಹಾಕಿ ಅದರ ಮೇಲೆ ಕಂಬ ನಿಲ್ಲಿಸಿ. ಬಿದಿರು, ಸಣ್ಣ ಗಳ ಆಗದು, ಅವು ನಡುವಿನಲ್ಲಿ ಬಳುಕಿ ಮುರಿಯುತ್ತವೆ. ಕಂಬ ಬಿಗಿಯಾಗಿ ಕೂತರೆ ಸಾಕು. ಜ್ಯಾಕ್ ಹಾಕಿ ಅಟ್ಟವನ್ನು ಮೇಲಕ್ಕೆ ಎತ್ತಲು ಹೋಗಬೇಡಿ.

ಕಾಂಕ್ರೀಟ್ ಸ್ಲ್ಯಾಬ್‌ಗೆ, ಬೀಮ್‌ಗೆ ಮಾತ್ರ ಈ ಉಪಾಯವನ್ನು ನೀವಾಗಿ ಮಾಡಬೇಡಿ. ಅದರ ನಡುವಿನಲ್ಲಿ ಕಂಬಿ ಕೆಳಗಡೆ ಇರುತ್ತದೆ, ಎಳೆತ ಅಲ್ಲಿ ಬೀಳುತ್ತದೆ ಎಂದು. ನಡುವೆ ಕಂಬ ಕೊಟ್ಟರೆ ಎಳೆತ ಆ ಜಾಗದಲ್ಲಿ ಮೇಲಕ್ಕೆ ತಿರುಗುತ್ತದೆ. ಮೇಲೆ ಸಾಕಷ್ಟು ಕಂಬಿ ಇಲ್ಲದೆ ಬಿರುಕು ಬಿಡುತ್ತದೆ. ಒಳ್ಳೆಯದು ಮಾಡಲು ಹೋಗಿ ಕೆಡಿಸಿದಂತೆ.

ಎಂಜಿನಿಯರ್ ಯಾವಾಗ ಬೇಕು? ಮೆಷಿನ್ 200 ಕೆ.ಜಿ. ದಾಟಿದರೆ, ಓಡುವ ಮೆಷಿನ್ ಆದರೆ, ಮೂರನೇ ಹೆಜ್ಜೆಯಲ್ಲಿ ಒಂದೇ ಒಂದು ಅನುಮಾನ ಬಂದರೂ ಕರೆಸಿ. ಇದು ಮಾನಕದ ಗೆರೆಯಲ್ಲ, ನಾನು ಹಾಕಿಕೊಂಡ ಗೆರೆ. ಮನೆ ಕಟ್ಟುವ ಮೇಸ್ತ್ರಿಯ ಅನುಭವಕ್ಕೆ ಬೆಲೆ ಇದೆ, ಆದರೆ ಲೆಕ್ಕ ಹಾಕುವವರೇ ಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಗೊತ್ತಿಲ್ಲದಿದ್ದರೆ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲೋ ಸಿವಿಲ್ ವಿಭಾಗದವರನ್ನು ವಿಚಾರಿಸಿ. ಮರದ ಜಾತಿ, ಹುಳುವಿನ ಅನುಮಾನಕ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಇದೆ. ತೊಲೆಯ ಅಳತೆ, ಉದ್ದ, ನಡುವಿನ ಅಂತರ, ಫೋಟೋ, ನಿಮ್ಮ ತೂಕದ ಪಟ್ಟಿ ಹಿಡಿದು ಹೋದರೆ ಅವರ ಕೆಲಸ ಸುಲಭ.

ಹೆಜ್ಜೆ 7: ಮೇಲೆತ್ತುವ ದಿನ

ಒಣ ದಿನ ಆರಿಸಿ. ಮೊದಲ ಮಳೆ ಬಿದ್ದ ಮೇಲೆ ಮೆಟ್ಟಿಲು, ಹಗ್ಗ, ಕೈ ಎಲ್ಲ ಜಾರುತ್ತವೆ. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ: ಮೋಟಾರ್, ಹಾಪರ್, ಫ್ಲೈವೀಲ್. ಅಟ್ಟದ ಮೇಲಿನ ಚೀಲಗಳನ್ನು ಅವತ್ತಿನ ಮಟ್ಟಿಗೆ ಕೆಳಗಿಳಿಸಿ.

ಮರದ ಏಣಿಮೆಟ್ಟಿಲಿನಲ್ಲಿ ನಾಲ್ಕು ಜನ ಹೊತ್ತು ಹತ್ತುವುದು ಬೇಡ. ಮೆಷಿನ್ನಿನ ಜೊತೆ ಆ ನಾಲ್ವರ ತೂಕವೂ ಒಂದೇ ಮೆಟ್ಟಿಲ ಮೇಲೆ ಬೀಳುತ್ತದೆ. ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಬಾಡಿಗೆಗೆ ತನ್ನಿ. ಅದರ ಮೇಲೆ ಎಷ್ಟು ಟನ್ ಎಂದು ಬರೆದಿರುತ್ತದೆ, ಓದಿ. ಅದನ್ನು ಮಾಡು ಹೊರುವ ಮರಗಳಾದ ಪಕಾಸಿಗೋ ಕತ್ತರಿಗೋ ನೇತು ಹಾಕಬೇಡಿ. ಅವು ಹೆಂಚು ಹೊರಲು ಇರುವವು. ಕೆಳಗೆ ನೆಲದ ಮೇಲೆ ನಿಂತ ಕಬ್ಬಿಣದ ಮೂರುಕಾಲಿಗೆ ಅಥವಾ ಗ್ಯಾಂಟ್ರಿಗೆ (ಭಾರ ಎತ್ತುವ ಕಬ್ಬಿಣದ ಚೌಕಟ್ಟು) ಹಾಕಿ.

ಮೆಷಿನ್ನನ್ನು ಕೊಕ್ಕೆಗೆ ನೇತು ಹಾಕುವ ಪಟ್ಟಿ (ಬೆಲ್ಟ್) ಕಟ್ಟುವಾಗ ಕೋನ ನೋಡಿ. ಎರಡು ಪಟ್ಟಿಗಳು ನೆಲದ ಮಟ್ಟಕ್ಕೆ 60 ಡಿಗ್ರಿಯಲ್ಲಿದ್ದರೆ ಪ್ರತಿಯೊಂದರ ಮೇಲೂ ಮೆಷಿನ್ನಿನ ತೂಕದ ಶೇ. 58ರಷ್ಟು ಎಳೆತ. 30 ಡಿಗ್ರಿಗೆ ಹರಡಿಕೊಂಡರೆ ಪ್ರತಿ ಪಟ್ಟಿಯೂ ಪೂರ್ತಿ ತೂಕವನ್ನೇ ಎಳೆಯುತ್ತದೆ. ಪಟ್ಟಿ ಉದ್ದ ಇದ್ದಷ್ಟೂ ಒಳ್ಳೆಯದು. ಹಳೆಯ ತೆಂಗಿನ ನಾರಿನ ಹಗ್ಗವನ್ನು ಈ ಕೆಲಸಕ್ಕೆ ಬಳಸಬೇಡಿ.

ಮೆಷಿನ್ ನೇತಾಡುವಾಗ ಅದರ ಕೆಳಗೆ ಯಾರೂ ಇರಬಾರದು. ಮಾತು ಒಬ್ಬರದೇ ಇರಲಿ, ಉಳಿದವರು ಕೇಳಲಿ. ಮೇಲೆ ಬಂದ ಮೇಲೆ ಅಟ್ಟದ ಅಂಚಿನಿಂದ ಇಡುವ ಜಾಗದವರೆಗೆ ದಪ್ಪ ಹಲಗೆಯ ದಾರಿ ಹಾಸಿ, ಪೈಪಿನ ಮೇಲೆ ಉರುಳಿಸಿಕೊಂಡು ಹೋಗಿ. ಈ ದಾರಿ ಜಂತೆಯ ನಡುವನ್ನು ದಾಟಲೇಬೇಕಾದರೆ, ಆ ಹೊತ್ತಿಗೆ ಮಾತ್ರ ಕೆಳಗೆ ತಾತ್ಕಾಲಿಕ ಆಸರೆ ಕೊಡಿ. ಎಲ್ಲರೂ ಒಂದೇ ಕಡೆ ಗುಂಪುಗೂಡಬೇಡಿ.

ಹೆಜ್ಜೆ 8: ಇಟ್ಟ ಮೇಲೆ

ಇಡುವ ಮೊದಲು ಅಳೆದ ನೂಲಿನ ಅಳತೆ ಗೋಡೆಯ ಮೇಲೆ ಬರೆದಿರಲಿ. ಇಟ್ಟ ದಿನ ಮತ್ತೆ ಅಳೆಯಿರಿ, ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಮೇಲೆ ಕಕ್ಕಡದ (ಜುಲೈ–ಆಗಸ್ಟ್) ಜಡಿಮಳೆಯ ನಡುವೆ ಒಮ್ಮೆ. ಮೊದಲ ದಿನ ಸ್ವಲ್ಪ ಇಳಿದು ಅಲ್ಲಿಗೇ ನಿಂತರೆ ಸರಿ. ಪ್ರತಿ ಸಲವೂ ಇಳಿಯುತ್ತಾ ಹೋದರೆ ಮೆಷಿನ್ ಕೆಳಗಿಳಿಸುವ ಹೊತ್ತು ಬಂದಿದೆ. ಮಳೆಗಾಲ ಮುಗಿದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮೊದಲು, ಜಂತೆಯ ತುದಿಗಳನ್ನು ಮತ್ತೆ ಚುಚ್ಚಿ ನೋಡಿ. ಚೀಲ ತುಂಬುವ ಮೊದಲು ನೋಡಿದರೆ ಮಾತ್ರ ಉಪಯೋಗ.

ಅಟ್ಟದ ಬಾಗಿಲಲ್ಲಿ ಒಂದು ಹಲಗೆ ತೂಗುಹಾಕಿ: ಮೆಷಿನ್ ತೂಕ ಇಷ್ಟು, ಚೀಲ ಇಷ್ಟಕ್ಕಿಂತ ಜಾಸ್ತಿ ಬೇಡ, ಮೆಷಿನ್ ಸುತ್ತ ಪೇರಿಸಬೇಡಿ. ಕೊಯ್ಲಿನ ಕಾಲದಲ್ಲಿ ಚೀಲ ಹೊರುವವರು ಹೊಸಬರಿರಬಹುದು, ಅವರ ಭಾಷೆಯಲ್ಲೂ ಬರೆಸಿ.

ಮರ ಚಟ್ ಎಂದು ಸದ್ದು ಮಾಡಿದರೆ, ಕೆಳಗಿನ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಗೋಡೆಯಿಂದ ಹೊಸದಾಗಿ ಮಣ್ಣು ಉದುರಿದರೆ, ಮೇಲೆ ಹೋಗಿ ನೋಡಬೇಡಿ. ಮೆಷಿನ್ ಓಡುತ್ತಿದ್ದರೆ ಕೆಳಗಿನ ಮೇನ್ ಸ್ವಿಚ್‌ನಿಂದಲೇ ಆರಿಸಿ. ಮೇಲಿದ್ದವರನ್ನು ಒಬ್ಬೊಬ್ಬರಾಗಿ ಗೋಡೆಯ ಅಂಚಿನಿಂದ ಇಳಿಸಿ, ಕೆಳಗಿದ್ದವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ. ಎಂಜಿನಿಯರ್ ಬಂದು ನೋಡುವವರೆಗೆ ಒಳಗಿನ ಕಾಫಿ ಅಲ್ಲೇ ಇರಲಿ.